ಈ ಸಲ ಅಜ್ಜ ನಾಯಿಗಳ ಪತ್ರಗಳು

ಸಂಪಾದಕರು ಕಳಿಸಿದ ಕವರ್ ಒಡೆದು ನೋಡಿದೆ. ಈ ತಿಂಗಳು ಮರಿಗಳ ಪ್ರಶ್ನೆ ಒಂದೂ ಇಲ್ಲ. ಚಪ್ಪಲಿ ಕಚ್ಚುತ್ತೆ, ಸೋಫಾ ಹರಿಯುತ್ತೆ ಅನ್ನುವ ದೂರುಗಳಿಲ್ಲ. ಎಲ್ಲವೂ ಮುದುಕ ಮುದುಕಿಯರದ್ದೇ. ಜೊತೆಗೆ ಎಲ್ಲ ಪತ್ರಗಳಲ್ಲೂ ಒಂದೇ ಸಾಲು: “ವಯಸ್ಸಾಯ್ತು ಬಿಡಿ ಅಂದ್ರು ಡಾಕ್ಟ್ರು.”

ಆ ಡಾಕ್ಟ್ರ ಮೇಲೆ ಸಿಟ್ಟಾಗುವ ಮುಖ ನನಗಿಲ್ಲ. 31 ವರ್ಷ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಇದ್ದವಳು ನಾನು. ಬೆಳಿಗ್ಗೆ ಕೆಚ್ಚಲು ಬಾವು, ಮಧ್ಯಾಹ್ನ ಹೊಟ್ಟೆಯುಬ್ಬರ, ರಾತ್ರಿ ಕರು ಹಾಕಲಾರದ ಎಮ್ಮೆ. ಇದರ ನಡುವೆ ಯಾರಾದರೂ ಮುದಿ ನಾಯಿ ಹಿಡಿದುಕೊಂಡು ಬಂದರೆ ನಾನೂ ಹೇಳಿದ್ದು ಅದನ್ನೇ. ಕೊನೆಗೆ ನಮ್ಮ ಮನೆಯ ಬೊಮ್ಮನಿಗೂ ಹೇಳಿದೆ. ಬೊಮ್ಮ ನಾಟಿ ನಾಯಿ. ಕಾಲು ಮುರಿದುಕೊಂಡು ಆಸ್ಪತ್ರೆಗೆ ಬಂದವನು, ಆಮೇಲೆ ವಾಪಸ್ ಹೋಗಲಿಲ್ಲ. 11ನೇ ವರ್ಷದಲ್ಲಿ ಗೇಟಿಗೆ ಬರುವುದು ಬಿಟ್ಟ, ಅನ್ನ ಅರ್ಧ ಬಿಡುತ್ತಿದ್ದ. ವಯಸ್ಸಾಯ್ತು ಅಂದುಕೊಂಡೆ. ನಾಲ್ಕು ತಿಂಗಳು ಹಾಗೇ ಅಂದುಕೊಂಡೆ. ಒಂದು ದಿನ ಆಕಳಿಸಿದಾಗ ನೋಡುತ್ತೇನೆ, ದವಡೆ ಹಲ್ಲು ಸೀಳಿ ಬುಡದಲ್ಲಿ ಕೀವು! ಎರಡು ಹಲ್ಲು ಕೀಳಿಸಿದ ಮೇಲೆ ವಾರದೊಳಗೆ ಹಾಲಿನವನ ಸೈಕಲ್ ಹಿಂದೆ ಓಡಿದ. ಆಮೇಲೆ ನಾಲ್ಕು ವರ್ಷ ಬದುಕಿದ.

ಅಂದಿನಿಂದ ನಾನು ಆ ಮಾತು ಬಿಟ್ಟೆ. ಪತ್ರಗಳಿಗೆ ಬರೋಣ.

*

ಮೈಸೂರಿನ ಕುವೆಂಪುನಗರದಿಂದ ಒಬ್ಬರು ನಿವೃತ್ತ ಮೇಷ್ಟ್ರು: ನಮ್ಮ ರಾಜ ಲ್ಯಾಬ್ರಡಾರ್. 12 ವರ್ಷ, 41 ಕಿಲೋ. ಮಲಗಿದಲ್ಲಿಂದ ಏಳಲು ತುಂಬಾ ಒದ್ದಾಡುತ್ತಾನೆ. ಎದ್ದು ಅಂಗಳಕ್ಕೆ ಬಂದ ಮೇಲೆ ಪರವಾಗಿಲ್ಲ, ನಡೆಯುತ್ತಾನೆ. ಪಕ್ಕದ ಮನೆಯವರು ಹೇಳಿದರೆಂದು ನನ್ನ ಮಂಡಿನೋವಿನ ಮಾತ್ರೆಯಲ್ಲಿ ಅರ್ಧ ಕೊಟ್ಟೆ. ಎರಡು ದಿನ ಚುರುಕಾದ. ಮೂರನೇ ದಿನ ವಾಂತಿ, ಕಪ್ಪು ಭೇದಿ. ಮಾತ್ರೆ ನಿಲ್ಲಿಸಿದ್ದೇನೆ. ಮುಂದೇನು?

ಮೇಷ್ಟ್ರೇ, ಮೊದಲು ಆ ಕಪ್ಪು ಭೇದಿ. ಅದು ಹೊಟ್ಟೆಯೊಳಗೆ ಸುರಿದ ರಕ್ತ, ಜೀರ್ಣವಾಗಿ ಡಾಂಬರಿನ ಬಣ್ಣಕ್ಕೆ ತಿರುಗಿದೆ. ಈಗಲೂ ಹಾಗೇ ಹೋಗುತ್ತಿದ್ದರೆ ಈ ಪುಟ ಮಡಚಿಟ್ಟು ಆಸ್ಪತ್ರೆಗೆ ಹೊರಡಿ. ಮಾತ್ರೆಯ ಪಟ್ಟಿ ಕೈಯಲ್ಲಿರಲಿ.

ನಮ್ಮ ನೋವಿನ ಮಾತ್ರೆ ನಾಯಿಗೆ ಆಗುವುದಿಲ್ಲ. ಡೈಕ್ಲೋಫಿನಾಕ್, ಐಬುಪ್ರೊಫೇನ್ ಎರಡೂ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ಅರ್ಧ ಕೊಟ್ಟೆ, ಕಾಲು ಕೊಟ್ಟೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪ್ಯಾರಾಸಿಟಮಾಲ್ ಕೂಡ ನಾವೇ ಅಳೆದು ಕೊಡುವ ಮಾತ್ರೆಯಲ್ಲ. ಮನೆಯಲ್ಲಿ ಬೆಕ್ಕಿದ್ದರಂತೂ ಈ ಮಾತ್ರೆ ಅದರ ಹತ್ತಿರ ಸುಳಿಯಲೂಬಾರದು. ಡೈಕ್ಲೋಫಿನಾಕ್ ಮಾಡಿದ ಇನ್ನೊಂದು ಕೆಲಸ ನಿಮಗೆ ಗೊತ್ತಿರಬಹುದು. ನಾವು ದನಗಳಿಗೆ ಚುಚ್ಚುತ್ತಿದ್ದೆವು. ಸತ್ತ ದನ ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಸಾಲುಸಾಲಾಗಿ ಸತ್ತವು. 2006ರಲ್ಲಿ ಪ್ರಾಣಿಗಳಿಗೆ ಅದನ್ನು ಬಳಸುವುದನ್ನು ಸರ್ಕಾರ ನಿಷೇಧಿಸಿತು. ನೀವು ಮೈಸೂರಿನಿಂದ ಬೆಂಗಳೂರಿಗೆ ಹೋಗುವಾಗ ರಾಮನಗರದ ರಾಮದೇವರ ಬೆಟ್ಟ ಕಾಣುತ್ತದಲ್ಲ, ಅಲ್ಲಿ ಉಳಿದಿರುವ ರಣಹದ್ದುಗಳನ್ನು ಬೆರಳಲ್ಲಿ ಎಣಿಸಬಹುದು. ಆ ಇಂಜೆಕ್ಷನ್ ಚುಚ್ಚಿದ ಕೈಗಳಲ್ಲಿ ನನ್ನದೂ ಒಂದು.

ನಾಯಿಗೆ ಅಂತಲೇ ನೋವಿನ ಔಷಧಿ ಇದೆ. ಮೆಲಾಕ್ಸಿಕ್ಯಾಮ್, ಕಾರ್ಪ್ರೊಫೆನ್ ಇಂಥವು. ಆದರೆ ರಕ್ತ ಪರೀಕ್ಷೆ ಮಾಡಿಸಿ ಕಿಡ್ನಿ, ಲಿವರ್ ನೋಡಿದ ಮೇಲೆ, ಊಟದ ನಂತರ, ತೂಕ ನೋಡಿ ಕೊಡಬೇಕು. ತಪ್ಪು ಮಾತ್ರೆ ಕೊಟ್ಟ ಮೇಲೆ ಕೆಲವು ದಿನ ಬಿಡುವು ಬೇಕು. ಸ್ಟಿರಾಯ್ಡ್ ನಡೆಯುತ್ತಿದ್ದರೆ ಜೊತೆಗೆ ಇದು ಸೇರಲೇಬಾರದು. ನಿಮ್ಮ ಡಾಕ್ಟ್ರ ಹತ್ತಿರ ಅರ್ಧ ಮಾತ್ರೆಯ ಕತೆ ಮುಚ್ಚಿಡಬೇಡಿ. ಬೈಸಿಕೊಳ್ಳಿ, ಆದರೆ ಹೇಳಿ.

ಈಗ ನಿಮ್ಮ ಪತ್ರದ ಮುಖ್ಯ ಸಾಲು. “ಎದ್ದು ಅಂಗಳಕ್ಕೆ ಬಂದ ಮೇಲೆ ಪರವಾಗಿಲ್ಲ.” ಹಾಲ್‌ನಲ್ಲಿ ಏನಿದೆ ಮೇಷ್ಟ್ರೇ? ಹೊಳೆಯುವ ಟೈಲ್ಸ್, ಅಲ್ವಾ? ಕೀಲು ಸವೆದ ನಾಯಿಗೆ ಅದು ಎಣ್ಣೆ ಸುರಿದ ನೆಲ. ಏಳಲು ಹಿಂಗಾಲು ಒತ್ತಿದರೆ ಜಾರುತ್ತದೆ. ಜಾರಿದರೆ ಸೊಂಟ ಹಿಡಿಯುತ್ತದೆ. ಎರಡು ಸಲ ಜಾರಿದ ನಾಯಿ ಮೂರನೇ ಸಲ ಏಳುವ ಪ್ರಯತ್ನವನ್ನೇ ಬಿಡುತ್ತದೆ. ನಾವು ಕಾಲಲ್ಲಿ ಶಕ್ತಿ ಇಲ್ಲ ಅನ್ನುತ್ತೇವೆ.

ನಮ್ಮ ಮನೆಯಲ್ಲಿ ಇದ್ದದ್ದು ರೆಡ್ ಆಕ್ಸೈಡ್ ನೆಲ. ನಮ್ಮತ್ತೆ ಮೂವತ್ತು ವರ್ಷ ಉಜ್ಜಿ ಕನ್ನಡಿ ಮಾಡಿಟ್ಟಿದ್ದರು. ಬೊಮ್ಮ ಅದರ ಮೇಲೆ ಗೋಡೆ ಹಿಡಿದುಕೊಂಡು ಓಡಾಡುತ್ತಿದ್ದ, ಥೇಟ್ ನಮ್ಮತ್ತೆಯ ಹಾಗೇ. ಒಂದು ಸಂಜೆ ಹಳೇ ಜಮಖಾನೆ, ಮಗಳ ಯೋಗದ ಚಾಪೆ, ಎರಡು ಗೋಣಿಚೀಲ ಎಲ್ಲ ತಂದು ಅವನ ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಹಿತ್ತಲ ಬಾಗಿಲಿಗೆ ಒಂದು ದಾರಿ ಹಾಸಿದೆ. ಚಾಪೆಗಳ ಅಂಚನ್ನು ಟೇಪ್ ಹಾಕಿ ಕೂರಿಸಿದೆ. ಬೊಮ್ಮ ಮೂಸಿ ನೋಡಿದ, ಒಂದು ಕಾಲಿಟ್ಟ, ಆಮೇಲೆ ಮಧ್ಯದಲ್ಲೇ ನಡೆದ. ಎರಡು ದಿನದಲ್ಲಿ ಅತ್ತೆಯೂ ಅದೇ ದಾರಿ ಹಿಡಿದರು. ಖರ್ಚು ಟೇಪಿನದ್ದು ಮಾತ್ರ.

ಜೊತೆಗೆ ಉಗುರು ಕತ್ತರಿಸಿ. ನಡೆಯುವಾಗ ಟಕ್ ಟಕ್ ಸದ್ದು ಬಂದರೆ ಉಗುರು ಉದ್ದವಾಗಿದೆ ಅಂತ ಅರ್ಥ. ಪಾದದ ಮೆತ್ತೆಗಳ ನಡುವೆ ಬೆಳೆದ ಕೂದಲನ್ನೂ ಕತ್ತರಿಸಿ. ಅದು ಸಾಕ್ಸ್ ಹಾಕಿಕೊಂಡು ಟೈಲ್ಸ್ ಮೇಲೆ ನಡೆದ ಹಾಗೆ. ಅಂಗಳದ ಮೆಟ್ಟಿಲಿಳಿಯುವಾಗ ಒಂದು ಟವೆಲ್ ಅಥವಾ ಹಳೇ ಪಂಚೆಯನ್ನು ಹೊಟ್ಟೆಯ ಕೆಳಗೆ, ಹಿಂಗಾಲಿಗೆ ಹತ್ತಿರವಾಗಿ ಹಾಯಿಸಿ ಎರಡೂ ತುದಿ ಮೇಲೆ ಹಿಡಿಯಿರಿ. ಪೂರ್ತಿ ಎತ್ತಬೇಡಿ. ಅವನ ಭಾರದಲ್ಲಿ ಸ್ವಲ್ಪ ನೀವು ಹೊತ್ತರೆ ಸಾಕು. ಒಂದು ಗಂಟೆಯ ವಾಕಿಂಗ್ ಬೇಡ, ಹತ್ತು ಹದಿನೈದು ನಿಮಿಷದ್ದು ಮೂರು ಸಲ. ಪೂರ್ತಿ ಮಲಗಿಸಿಡುವುದೂ ಬೇಡ. ನಿಂತ ಬಾಗಿಲ ತಿರುಗುಣಿ ತುಕ್ಕು ಹಿಡಿಯುತ್ತದೆ.

ಇನ್ನು 41 ಕಿಲೋ. ಬೇಜಾರು ಮಾಡಿಕೊಳ್ಳಬೇಡಿ. ಸಾಮಾನ್ಯ ಎತ್ತರದ ಲ್ಯಾಬ್ರಡಾರ್ 30ರ ಆಸುಪಾಸಿನಲ್ಲಿ ಇರಬೇಕು. ನಿಮ್ಮ ರಾಜ ದಿನವಿಡೀ ಹತ್ತು ಕಿಲೋ ಅಕ್ಕಿ ಚೀಲ ಬೆನ್ನಿಗೆ ಕಟ್ಟಿಕೊಂಡು ಓಡಾಡುತ್ತಿದ್ದಾನೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ಸಾಕಿ ನೋಡಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ನಾಯಿಗಳಿಗೆ ಜೊತೆಯವಕ್ಕಿಂತ 25% ಕಡಿಮೆ ಊಟ. ಕಡಿಮೆ ತಿಂದವು ಸುಮಾರು 13 ವರ್ಷ ಬದುಕಿದವು, ಜಾಸ್ತಿ ತಿಂದವು ಸುಮಾರು 11. ಕಡಿಮೆ ತಿಂದವಕ್ಕೆ ಕೀಲುನೋವಿನ ಔಷಧಿ ಬೇಕಾದದ್ದೂ ತಡವಾಗಿ.

ನಾಷ್ಟಾಕ್ಕೆ ಅವನಿಗೆ ಇಡ್ಲಿ ಹಾಕುವವರು ಯಾರು? ಹನ್ನೊಂದು ಗಂಟೆಗೆ ಬಿಸ್ಕತ್ತು? ರಾತ್ರಿ ಚಪಾತಿಯ ಕೊನೇ ತುಂಡು? ಒಂದು ವಾರ ಒಂದು ಡಬ್ಬಿ ಇಡಿ. ನಾಯಿಗೆ ಏನು ಕೊಡಬೇಕೆನಿಸಿದರೂ ಅಷ್ಟನ್ನೇ ಆ ಡಬ್ಬಿಗೂ ಹಾಕಿ. ರಾತ್ರಿ ಡಬ್ಬಿ ನೋಡಿದರೆ ನಾನು ಏನೂ ಹೇಳಬೇಕಾಗಿಲ್ಲ. ಮೊದಲು ಎರಡೂವರೆ, ಮೂರು ಕಿಲೋ ಇಳಿಸಿ. ಅಷ್ಟಕ್ಕೇ ನಡಿಗೆ ಹಗುರಾಗುವುದನ್ನು ನೋಡಿದ್ದೇನೆ. ತೂಕ ನೋಡಲು ಆಸ್ಪತ್ರೆಗೇ ಹೋಗಬೇಕಿಲ್ಲ, ಬೀದಿ ಕೊನೆಯ ಗುಜರಿ ಅಂಗಡಿಯ ತಕ್ಕಡಿ ಸಾಕು. ಪೇಪರ್ ಹಾಕಲು ಹೋದಾಗ ಅವನನ್ನೂ ನಿಲ್ಲಿಸಿ.

*

ಪುತ್ತೂರಿನ ಹತ್ತಿರದ ಹಳ್ಳಿಯಿಂದ ಒಬ್ಬರು ಗೃಹಿಣಿ: ನಮ್ಮ ಚಿನ್ನುವಿಗೆ 13 ವರ್ಷ, 14 ಕಿಲೋ. ಕಿಡ್ನಿ ತೊಂದರೆ. ಕ್ರಿಯಾಟಿನಿನ್ 3.8. ಬಿಂದಿಗೆಗಟ್ಟಲೆ ನೀರು ಕುಡಿಯುತ್ತಾಳೆ, ರಾತ್ರಿ ಚಾವಡಿ ಪೂರ್ತಿ ಒದ್ದೆ. ಸಂಜೆ ಆರರ ಮೇಲೆ ನೀರು ಇಡಬೇಡಿ ಅಂತ ನಮ್ಮ ಭಾವ ಹೇಳುತ್ತಾರೆ. ಡಾಕ್ಟ್ರು ಹೇಳಿದ ಕಿಡ್ನಿ ಆಹಾರ ಮೂಸಿ ನೋಡುವುದೂ ಇಲ್ಲ. ಮೀನು ಇಲ್ಲದೆ ಊಟ ಮಾಡಿದವಳೇ ಅಲ್ಲ. ಮನೆಯಲ್ಲೇ ಡ್ರಿಪ್ ಕೊಡಬಹುದು ಅಂದರು. ನನಗೆ ಕೈ ನಡುಗುತ್ತದೆ.

ಅಕ್ಕ, ನೀರು ಮಾತ್ರ ತೆಗೆಯಬೇಡಿ. ಭಾವನವರಿಗೆ ನಾನು ಹೇಳಿದೆ ಅಂತ ಹೇಳಿ. ಚಿನ್ನು ಜಾಸ್ತಿ ಕುಡಿಯುವುದರಿಂದ ಉಚ್ಚೆ ಜಾಸ್ತಿಯಾಗಿದೆ ಅಂತಲ್ಲ. ಕಿಡ್ನಿಗೆ ನೀರು ಹಿಡಿದಿಡಲು ಆಗುತ್ತಿಲ್ಲ, ಸೋರಿಹೋಗುತ್ತಿದೆ, ಅದಕ್ಕೆ ಕುಡಿಯುತ್ತಾಳೆ. ರಾತ್ರಿ ನೀರು ನಿಲ್ಲಿಸಿದರೆ ಬೆಳಿಗ್ಗೆಗೆ ಮೈ ಒಣಗಿ ಕಿಡ್ನಿ ಇನ್ನಷ್ಟು ಸೋಲುತ್ತದೆ. ಬದಲಿಗೆ ಮಲಗುವ ಮುನ್ನ ಒಂದು ಸಲ, ನಡುರಾತ್ರಿ ಒಂದು ಸಲ ಹೊರಗೆ ಬಿಡಿ. ಹಾಸಿಗೆಯ ಕೆಳಗೆ ಪ್ಲಾಸ್ಟಿಕ್ ಶೀಟ್, ಮೇಲೆ ಹಳೇ ಬೆಡ್‌ಶೀಟ್. ಚಾವಡಿ ಒರೆಸುವುದು ತಪ್ಪುವುದಿಲ್ಲ, ಅದು ನಿಜ.

ಕ್ರಿಯಾಟಿನಿನ್ ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ. ರಕ್ತದಲ್ಲಿ ಅದು ಏರುವ ಹೊತ್ತಿಗೆ ಕಿಡ್ನಿಯ ಕೆಲಸ ಸುಮಾರು ಮುಕ್ಕಾಲು ಭಾಗ ಹೋಗಿರುತ್ತದೆ. ವೈದ್ಯರು ಈ ಕಾಯಿಲೆಯನ್ನು ನಾಲ್ಕು ಹಂತ ಮಾಡುತ್ತಾರೆ. ಕ್ರಿಯಾಟಿನಿನ್ 2.9ರಿಂದ 5 ಇದ್ದರೆ ಮೂರನೇ ಹಂತ. ಚಿನ್ನು ಅಲ್ಲಿದ್ದಾಳೆ. ಹೋದ ಭಾಗ ಬರುವುದಿಲ್ಲ. ಉಳಿದ ಭಾಗದ ಮೇಲೆ ಹೊರೆ ಕಡಿಮೆ ಮಾಡುವುದೇ ನಮ್ಮ ಕೆಲಸ. ಆ ಹೊರೆಯಲ್ಲಿ ದೊಡ್ಡದು ರಂಜಕ, ಅಂದರೆ ಫಾಸ್ಫರಸ್. ಮೂಳೆ, ಲಿವರ್, ಮುಳ್ಳಿನ ಸಮೇತದ ಮೀನು, ಇವುಗಳಲ್ಲಿ ಅದು ತುಂಬಿರುತ್ತದೆ. ನಿಮ್ಮಲ್ಲಿ ಒಣಮೀನು ಹಾಕುವ ರೂಢಿಯೂ ಇದೆ. ಅದರಲ್ಲಿ ಉಪ್ಪೂ ಸೇರಿತು. ಅದನ್ನು ಇವತ್ತೇ ನಿಲ್ಲಿಸಿ.

ಕಿಡ್ನಿ ಆಹಾರವನ್ನು ಹೊಟ್ಟೆ ತೊಳಸುವ ದಿನ ಮುಂದಿಟ್ಟರೆ ನಾಯಿ ಜನ್ಮದಲ್ಲಿ ಅದನ್ನು ಮುಟ್ಟುವುದಿಲ್ಲ. ಮೊದಲು ವಾಕರಿಕೆಗೆ ಔಷಧಿ ಕೊಡಿಸಿ. ಆಮೇಲೆ ಹಳೇ ಊಟಕ್ಕೆ ಒಂದು ಚಮಚ ಹೊಸದು, ಎರಡು ವಾರದಲ್ಲಿ ನಿಧಾನಕ್ಕೆ ಜಾಸ್ತಿ. ಬೆಚ್ಚಗೆ ಮಾಡಿ ಕೊಡಿ, ವಾಸನೆ ಏಳುತ್ತದೆ. ಅದಕ್ಕೂ ಒಪ್ಪದಿದ್ದರೆ ಬೆಳ್ತಿಗೆ ಅನ್ನ, ಬೇಯಿಸಿದ ಮೊಟ್ಟೆಯ ಬಿಳಿ, ಸ್ವಲ್ಪ ಕೋಳಿ, ಸೋರೆಕಾಯಿ. ಈರುಳ್ಳಿ ಬೇಡವೇ ಬೇಡ. ಇದನ್ನೇ ತಿಂಗಳುಗಟ್ಟಲೆ ಕೊಡುವುದಾದರೆ ವಿಟಮಿನ್, ಕ್ಯಾಲ್ಸಿಯಂ ಲೆಕ್ಕ ನಿಮ್ಮ ಡಾಕ್ಟ್ರು ಹಾಕಿಕೊಡಲಿ. ಏನೂ ತಿನ್ನದ ದಿನ? ಮುಳ್ಳು ತೆಗೆದ ಎರಡು ತುಂಡು ಬಂಗುಡೆ ಕೊಟ್ಟು ಸುಮ್ನೆ ಇರಿ. ಉಪವಾಸ ಬಿದ್ದ ನಾಯಿಗೆ ಪಥ್ಯ ಉಪಯೋಗಕ್ಕೆ ಬರುವುದಿಲ್ಲ.

ಇನ್ನು ಡ್ರಿಪ್. ಇದು ನರಕ್ಕೆ ಚುಚ್ಚುವುದಲ್ಲ, ಚರ್ಮದ ಕೆಳಗೆ. ಅದು ಗೊತ್ತಾದರೆ ಅರ್ಧ ನಡುಕ ಹೋಗುತ್ತದೆ. ರಿಂಗರ್ ಲ್ಯಾಕ್ಟೇಟ್ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಇಟ್ಟು ಉಗುರುಬೆಚ್ಚಗೆ ಮಾಡಿ. ನಿಮ್ಮ ಒಳಗಿನ ಮುಂಗೈಗೆ ತಾಗಿಸಿ ನೋಡಿ, ಮಗುವಿನ ಹಾಲು ನೋಡುವ ಹಾಗೆ. ಕಿಟಕಿಯ ಸರಳಿಗೆ ತೂಗುಹಾಕಿ. ಪೈಪಿನಲ್ಲಿರುವ ಗಾಳಿ ಬಿಟ್ಟುಬಿಡಿ. ಚಿನ್ನುವನ್ನು ಅವಳ ಹಾಸಿಗೆಯಲ್ಲೇ ಕೂರಿಸಿ. ಹೆಗಲ ಎಲುಬುಗಳ ನಡುವಿನ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿದರೆ ಗುಡಾರದ ಹಾಗೆ ಆಗುತ್ತದೆ. ಸೂಜಿ ಆ ಗುಡಾರದ ಬಾಗಿಲಿಗೆ, ಬೆನ್ನಿಗೆ ಸಮಾನಾಂತರವಾಗಿ. ಹೆದರಿ ಮೆಲ್ಲಗೆ ಚುಚ್ಚಿದರೆ ನೋವು ಜಾಸ್ತಿ, ಒಂದೇ ಸಲ ಒಳಗೆ ಹೋಗಲಿ. ಆ ಕಡೆಯಿಂದ ನೀರು ಹೊರಗೆ ಚಿಮ್ಮಿದರೆ ಸೂಜಿ ಆರಪಾರು ಹೋಗಿದೆ. ನಗಬೇಡಿ, ನನಗೂ ಆಗಿದೆ, ಸೀರೆ ಒದ್ದೆಯಾಗಿದೆ. ಹೊಸ ಸೂಜಿ ಹಾಕಿ ಮತ್ತೆ ಚುಚ್ಚಿ. ಮುಗಿಯುವ ಹೊತ್ತಿಗೆ ಬೆನ್ನ ಮೇಲೆ ಒಂಟೆಯ ಡುಬ್ಬ ಬಂದಿರುತ್ತದೆ. ಸಂಜೆಗೆ ಅದು ಮುಂಗಾಲಿನ ಕಡೆ ಇಳಿದು ಕರಗುತ್ತದೆ. ಗಾಬರಿ ಬೇಡ. ಎಷ್ಟು ಮಿಲಿ, ವಾರಕ್ಕೆ ಎಷ್ಟು ಸಲ ಅನ್ನುವುದು ಡಾಕ್ಟ್ರ ಲೆಕ್ಕ. ಹೃದಯದ ತೊಂದರೆ ಇರುವ ನಾಯಿಗೆ ಇದನ್ನು ಸುಮ್ಮನೆ ಕೊಡುವ ಹಾಗಿಲ್ಲ, ಮೊದಲು ಎದೆ ಪರೀಕ್ಷೆ ಆಗಲಿ. ಮೊದಲ ಎರಡು ಸಲ ಅವರ ಎದುರೇ ನೀವು ಚುಚ್ಚಿ, ಅವರು ನೋಡಲಿ.

*

ತುಮಕೂರಿನಿಂದ: ಪೊಮೆರೇನಿಯನ್, 11 ವರ್ಷ. ಹೃದಯದ ಕವಾಟ ಸಡಿಲವಾಗಿದೆ ಅಂತ ಮಾತ್ರೆ ನಡೆಯುತ್ತಿದೆ. ರಾತ್ರಿ ಕೆಮ್ಮುತ್ತಾಳೆ. ಯಾವಾಗ ಆಸ್ಪತ್ರೆಗೆ ಓಡಬೇಕು, ಯಾವಾಗ ಬೇಡ, ಗೊತ್ತಾಗುವುದಿಲ್ಲ.

ಗಾಢ ನಿದ್ದೆಯಲ್ಲಿದ್ದಾಗ ಉಸಿರು ಎಣಿಸಿ. ಹೊಟ್ಟೆ ಮೇಲೆದ್ದು ಇಳಿದರೆ ಒಂದು. ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟುಕೊಳ್ಳಿ. 30ರ ಒಳಗಿದ್ದರೆ ನೀವೂ ಮಲಗಿ. ಅವಳ ದಿನನಿತ್ಯದ ಸಂಖ್ಯೆ 18, 20 ಇದ್ದದ್ದು 30 ದಾಟಿ, ಸ್ವಲ್ಪ ಹೊತ್ತು ಬಿಟ್ಟು ಎಣಿಸಿದರೂ ಹಾಗೇ ಇದ್ದರೆ ಬೆಳಗಾಗುವುದನ್ನು ಕಾಯಬೇಡಿ, ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ನಾಲಿಗೆ ನೀಲಿಯಾದರೆ ಎಣಿಸುತ್ತಾ ಕೂರಲೂ ಬೇಡಿ. ಕತ್ತಿನ ಪಟ್ಟಿ ತೆಗೆದು ಎದೆಗೆ ಹಾಕುವ ಹಾರ್ನೆಸ್ ಹಾಕಿ. ಹಪ್ಪಳ, ಉಪ್ಪಿನಕಾಯಿ ರಸದ ಅನ್ನ ಕೊಡುವ ಅಜ್ಜಿ ಮನೆಯಲ್ಲಿದ್ದರೆ ಅವರಿಗೊಂದು ಮಾತು ಹೇಳಿ.

*

ಮುಧೋಳದ ಕಡೆಯ ಒಬ್ಬರು ರೈತರು: ಡಾಕ್ಟ್ರಮ್ಮಾರ, ನಮ್ಮದು ಮುಧೋಳ ನಾಯಿ, 11 ವರ್ಷ. ಮೊಲದ ಹಿಂದ ಓಡಿದಾಂವ ಈಗ ಎರಡು ವಾರದಿಂದ ಎದ್ದಿಲ್ಲರಿ. ಚಪ್ಪಿ ಎಲುಬಿನ ಮ್ಯಾಲೆ ಗಾಯ ಆಗಿ ಹುಳ ಬಿದ್ದಾವ. ಪೆಟ್ರೋಲ್ ಹಾಕ್ರಿ ಅಂತಾರ. ಏನ್ ಮಾಡೂದ್ರಿ?

ಪೆಟ್ರೋಲ್ ಬ್ಯಾಡ್ರಿ ಅಣ್ಣಾರ. ಫಿನಾಯಿಲ್, ಸೀಮೆಎಣ್ಣೆ ಕೂಡ ಬೇಡ. ಹುಳ ಸಾಯುತ್ತವೆ, ಜೊತೆಗೆ ಹಸಿ ಮಾಂಸವೂ ಸುಡುತ್ತದೆ. ಇವತ್ತೇ ಪಶು ಆಸ್ಪತ್ರೆಗೆ ಒಯ್ಯಿರಿ. ಎತ್ತಿಕೊಂಡು ಹೋಗಲು ಆಗದಿದ್ದರೆ 1962ಕ್ಕೆ ಫೋನ್ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆಯೇ ಕೇಳಿ. ಹುಳ ಒಂದೊಂದಾಗಿ ಚಿಮಟದಲ್ಲಿ ತೆಗೆಯಬೇಕು. ಮೇಲಿನ ತೂತು ಸಣ್ಣದಿದ್ದು ಒಳಗೆ ಬಿಲ ದೊಡ್ಡದಿರುತ್ತದೆ. ಮತ್ತೆ ಎರಡು ದಿನ ಬಿಟ್ಟು ನೋಡಬೇಕು, ಉಳಿದವು ಹೊರಗೆ ಬರುತ್ತವೆ. ಮನೆಯಲ್ಲಿ ತೊಳೆಯಲು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಎರಡು ಸಣ್ಣ ಚಮಚ ಉಪ್ಪು ಸಾಕು. ಗಾಯ ಮುಚ್ಚಿಡಿ, ನೊಣ ಕೂರಬಾರದು.

ನಿಮ್ಮ ನಾಯಿಗೆ ಇದು ಬೇಗ ಬಂದದ್ದು ನಿಮ್ಮ ತಪ್ಪಿನಿಂದ ಅಲ್ಲ. ಮುಧೋಳ ಜಾತಿಯೇ ಹಾಗೆ. ಮೈಯಲ್ಲಿ ಕೊಬ್ಬಿಲ್ಲ, ಎಲುಬಿನ ಮೇಲೆ ಬರೀ ತೆಳು ಚರ್ಮ. ಓಡಲು ಅನುಕೂಲವಾದ ಆ ಮೈ ಮಲಗಲು ಅನುಕೂಲವಲ್ಲ. ಲ್ಯಾಬ್ರಡಾರ್ ಒಂದು ವಾರ ತಡೆಯುವ ನೆಲವನ್ನು ಇದು ಎರಡು ದಿನ ತಡೆಯುವುದಿಲ್ಲ. ನಿಮ್ಮ ಮನೆಯಲ್ಲಿ ಕೌದಿ ಇರಲೇಬೇಕು. ದಪ್ಪನೆಯ ಎರಡು ಕೌದಿ ಮಡಚಿ ಹಾಸಿ, ಮೇಲೆ ಪ್ಲಾಸ್ಟಿಕ್, ಅದರ ಮೇಲೆ ತೆಳು ಬಟ್ಟೆ. ಮೂರು ನಾಲ್ಕು ತಾಸಿಗೊಮ್ಮೆ ಮಗ್ಗಲು ಬದಲಿಸಿ. ಹೊಲಕ್ಕೆ ಹೋದಾಗ ಯಾರು ತಿರುಗಿಸುತ್ತಾರೆ ಅನ್ನುವುದು ಮನೆಯಲ್ಲಿ ಮೊದಲೇ ತೀರ್ಮಾನವಾಗಲಿ. ಉಚ್ಚೆ ತಾನೇ ಹೋಗುತ್ತಿದ್ದಾನಾ, ಇಲ್ಲ ಹೊಟ್ಟೆ ಬಿಗಿದು ತೊಟ್ಟಿಕ್ಕುತ್ತಿದೆಯಾ ನೋಡಿ. ತೊಟ್ಟಿಕ್ಕುತ್ತಿದ್ದರೆ ಚೀಲ ತುಂಬಿ ಉಕ್ಕುತ್ತಿದೆ ಅಂತ. ಹೊಟ್ಟೆ ಒತ್ತಿ ಉಚ್ಚೆ ತೆಗೆಯುವುದನ್ನು ಡಾಕ್ಟ್ರು ಕೈಹಿಡಿದು ಕಲಿಸಬೇಕು.

ಆದರೆ ಎರಡು ವಾರದಿಂದ ಯಾಕೆ ಎದ್ದಿಲ್ಲ ಅನ್ನುವುದು ನಿಮ್ಮ ಪತ್ರದಲ್ಲಿಲ್ಲ. ಒಂದೇ ದಿನ ಬಿದ್ದನೋ, ನಿಧಾನಕ್ಕೆ ಸೋತನೋ? ಬೆನ್ನುಹುರಿಯೋ, ಉಣ್ಣೆ ಜ್ವರವೋ, ಸೊಂಟವೋ ನೋಡಿಸಬೇಕು. ನಿಮ್ಮ ಪಕ್ಕದ ತಿಮ್ಮಾಪುರದಲ್ಲೇ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಈ ಜಾತಿಯನ್ನು ಅವರಷ್ಟು ನೋಡಿದವರು ಇನ್ನಾರೂ ಇಲ್ಲ. ವಿಚಾರಿಸಿ.

*

ಶಿವಮೊಗ್ಗದಿಂದ: 14 ವರ್ಷದ ಬೀದಿ ನಾಯಿ, ನಾವೇ ಸಾಕಿದ್ದು. ನಿನ್ನೆ ಬೆಳಿಗ್ಗೆ ಇದ್ದಕ್ಕಿದ್ದಂತೆ ತಲೆ ಒಂದು ಕಡೆ ವಾಲಿತು, ಕಣ್ಣುಗುಡ್ಡೆ ಅತ್ತಿತ್ತ ಓಡುತ್ತಿವೆ, ನಿಂತರೆ ಬೀಳುತ್ತದೆ. ಲಕ್ವ ಹೊಡೆದಿದೆ, ಇಂಜೆಕ್ಷನ್ ಕೊಟ್ಟು ಮುಗಿಸಿಬಿಡಿ ಅನ್ನುತ್ತಾರೆ.

ಮುಗಿಸಬೇಡಿ! ಪತ್ರ ತಲುಪುವಷ್ಟರಲ್ಲಿ ಅದು ಎದ್ದು ಓಡಾಡುತ್ತಿರಲಿ ಅಂತ ಆಸೆ. ಮುದಿ ನಾಯಿಗಳಲ್ಲಿ ಕಿವಿಯ ಒಳಗಿನ ಸಮತೋಲನದ ವ್ಯವಸ್ಥೆ ಹೀಗೆ ಒಮ್ಮೆಲೇ ಕೈಕೊಡುವುದು ಸಾಮಾನ್ಯ. ನೋಡಲು ಭಯಂಕರ. ಹೆಚ್ಚಿನವು ಎರಡು ಮೂರು ದಿನದಲ್ಲಿ ಚೇತರಿಸಿಕೊಳ್ಳಲು ಶುರುಮಾಡಿ, ಎರಡು ಮೂರು ವಾರದಲ್ಲಿ ಸರಿಹೋಗುತ್ತವೆ. ತಲೆ ಸ್ವಲ್ಪ ವಾಲಿಯೇ ಉಳಿಯಬಹುದು, ಏನೋ ಕೇಳಿಸಿಕೊಳ್ಳುತ್ತಿರುವ ಹಾಗೆ ಕಾಣುತ್ತದೆ ಅಷ್ಟೇ. ಕಿವಿಯಲ್ಲಿ ಕೀವು ಇದೆಯಾ, ಮೆದುಳಿನ ತೊಂದರೆಯಾ ಅಂತ ಡಾಕ್ಟ್ರಿಗೆ ತೋರಿಸಿ. ವಾಂತಿ ನಿಲ್ಲಲು ಔಷಧಿ, ಕೈಯಲ್ಲೇ ನೀರು, ಮೆಟ್ಟಿಲಿಗೆ ಅಡ್ಡ.

*

ಬೆಂಗಳೂರಿನ ಅಪಾರ್ಟ್‌ಮೆಂಟಿನಿಂದ: ರಾತ್ರಿ ಎರಡಕ್ಕೆ ಎದ್ದು ಸುತ್ತುತ್ತಾನೆ, ವಾಷಿಂಗ್ ಮೆಷಿನ್ ಹಿಂದೆ ಹೋಗಿ ಸಿಕ್ಕಿಕೊಂಡು ಬೊಗಳುತ್ತಾನೆ. ಕೆಳಗಿನ ಮನೆಯವರು ದೂರು ಕೊಟ್ಟಿದ್ದಾರೆ.

ನಾಯಿಗಳಿಗೂ ಅರಳು ಮರಳು ಉಂಟು. ಹಗಲು ನಿದ್ದೆ, ರಾತ್ರಿ ಓಡಾಟ, ಮೂಲೆಗೆ ಹೋದರೆ ಹಿಂದಕ್ಕೆ ಬರಲು ಗೊತ್ತಾಗದಿರುವುದು ಅದರ ಗುರುತು. ಆದರೆ ನೋವು, ಕುರುಡು, ಉಚ್ಚೆಯ ಒತ್ತಡ ಇದ್ದರೂ ರಾತ್ರಿ ಏಳುತ್ತವೆ, ಅದನ್ನು ಮೊದಲು ನೋಡಿಸಿ. ಮೂಲೆಗಳನ್ನು ಮುಚ್ಚಿ, ಸಣ್ಣ ದೀಪ ಇರಲಿ, ಪೀಠೋಪಕರಣ ಸ್ಥಳ ಬದಲಿಸಬೇಡಿ, ಸಂಜೆ ಬಿಸಿಲಲ್ಲಿ ಓಡಾಡಿಸಿ. ಔಷಧಿಯೂ ಇದೆ. ಕೆಳಗಿನ ಮನೆಯವರಿಗೆ ಒಂದು ಸಲ ನಾಯಿಯನ್ನು ತೋರಿಸಿ. ಬೊಗಳುವ ಸದ್ದಿಗೂ, ಬಿಳಿ ಮೂತಿಯ ಮುದುಕನಿಗೂ ಜನ ಸಿಟ್ಟಾಗುವ ರೀತಿ ಬೇರೆ ಬೇರೆ.

*

ಟೊರಾಂಟೊದಿಂದ, ಹುಬ್ಬಳ್ಳಿಯ ಒಬ್ಬರು: ಅಪ್ಪ ಅಮ್ಮ ಇಬ್ಬರೇ ಹುಬ್ಬಳ್ಳಿಯಲ್ಲಿ. ಅಪ್ಪನಿಗೆ 74. ಜರ್ಮನ್ ಶೆಫರ್ಡ್ ಟೈಗರ್‌ಗೆ 12. ವರ್ಷದಿಂದ ಹಿಂಗಾಲು ಎಳೆಯುತ್ತಾನೆ, ಪಾದ ಮಡಚಿ ಉಗುರು ಸವೆದಿವೆ, ನೋವು ಇರುವ ಹಾಗಿಲ್ಲ. ಈಗ ಏಳುವುದೇ ಇಲ್ಲ. ಅವನನ್ನು ಎತ್ತಲು ಹೋಗಿ ಅಪ್ಪ ಬಿದ್ದರು. ನಾನು ಇಲ್ಲಿಂದ ಗಾಲಿಬಂಡಿ ಕಳಿಸುತ್ತೇನೆ ಅಂದೆ. ಇಂಜೆಕ್ಷನ್ ಕೊಡಿಸಿ ಅಂತ ತಂಗಿ. ಅಪ್ಪ ಮಾತೇ ಆಡುವುದಿಲ್ಲ. ವಿಡಿಯೊ ಕಾಲ್‌ನಲ್ಲಿ ಟೈಗರ್ ನನ್ನ ದನಿ ಕೇಳಿ ಕಿವಿ ನಿಮಿರಿಸುತ್ತಾನೆ.

ನೀವು ಬರೆದ ಲಕ್ಷಣ ನೋಡಿದರೆ ಬೆನ್ನುಹುರಿ ನಿಧಾನಕ್ಕೆ ಸವೆಯುವ ಕಾಯಿಲೆ ಇರಬಹುದು. ಶೆಫರ್ಡ್‌ಗಳಲ್ಲಿ ಹೆಚ್ಚು. ಡಿಸ್ಕ್ ಜಾರಿದ್ದಲ್ಲ ಅಂತ ಖಚಿತ ಮಾಡಿಕೊಂಡಿದ್ದೀರಾ? ಇಲ್ಲದಿದ್ದರೆ ಅದು ಮೊದಲು. ಸವೆಯುವ ಕಾಯಿಲೆಯೇ ಆಗಿದ್ದರೆ ವಾಸಿ ಮಾಡುವ ಔಷಧಿ ಇಲ್ಲ.

ಗಾಲಿಬಂಡಿ ಒಳ್ಳೆಯದೇ, ಮುಂಗಾಲು ಗಟ್ಟಿ ಇದ್ದರೆ. ಆದರೆ ಆ ಬಂಡಿಯೊಳಗೆ ನಾಯಿಯನ್ನು ಎತ್ತಿ ಕೂರಿಸುವವರು ಯಾರು? ಮತ್ತೆ ನಿಮ್ಮ ಅಪ್ಪನೇ. ಬಂಡಿಯ ದುಡ್ಡಿನಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಬಂದು ಎತ್ತಿ, ತೊಳೆದು, ಹಾಸಿಗೆ ಬದಲಿಸುವ ಒಬ್ಬ ಹುಡುಗನನ್ನು ಗೊತ್ತುಮಾಡಿ. ದೂರದಿಂದ ಮಕ್ಕಳು ಮಾಡಬಹುದಾದ ಕೆಲಸದಲ್ಲಿ ಇದಕ್ಕಿಂತ ದೊಡ್ಡದು ನನಗೆ ಕಾಣುವುದಿಲ್ಲ.

ಇಂಜೆಕ್ಷನ್ ವಿಷಯ. ನಿಮಗೆ ಕಾಣುವುದು ಕಾಲ್ ಇರುವ ಹತ್ತು ನಿಮಿಷ, ಕಿವಿ ನಿಮಿರುವ ಹತ್ತು ನಿಮಿಷ. ಉಳಿದ ಹೊತ್ತು ಅಮ್ಮನಿಗೆ ಗೊತ್ತು. ಗೋಡೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ ಬರೆಯುತ್ತಾರಲ್ಲ, ಅದರ ಪಕ್ಕದಲ್ಲೇ ಟೈಗರ್‌ನ ದಿನಕ್ಕೂ ಒಂದು ಗುರುತು ಹಾಕಲು ಹೇಳಿ. ಊಟ ಬಯಸಿ ಮಾಡಿದ, ಯಾರಾದರೂ ಬಂದಾಗ ಬಾಲ ಆಡಿಸಿದ, ಒಣಗಿ ಮಲಗಿದ, ನಿದ್ದೆ ಮಾಡಿದ: ಅಂಥ ದಿನಕ್ಕೆ ಸರಿ ಗುರುತು. ಇಲ್ಲದ ದಿನಕ್ಕೆ ಅಡ್ಡ ಗೆರೆ. ಹದಿನೈದು ದಿನ ಆದ ಮೇಲೆ ನೋಡಿ. ಗೆರೆಗಳು ಜಾಸ್ತಿಯಾಗುತ್ತಾ ಬಂದರೆ ನೀವು, ತಂಗಿ ಜಗಳ ಆಡುವ ಅಗತ್ಯ ಬೀಳುವುದಿಲ್ಲ.

ಅದು ಹೇಗಾಗುತ್ತದೆ ಅಂತ ಅಪ್ಪನಿಗೆ ಯಾರೂ ಹೇಳಿರಲಿಕ್ಕಿಲ್ಲ. ಅವರ ಮೌನಕ್ಕೆ ಅದೂ ಕಾರಣ ಇರಬಹುದು. ಮನೆಯಲ್ಲೇ ಮಾಡಬಹುದು. ಮೊದಲು ಮಂಪರಿನ ಇಂಜೆಕ್ಷನ್, ಹತ್ತು ಹದಿನೈದು ನಿಮಿಷದಲ್ಲಿ ನಿದ್ದೆ. ಆಮೇಲೆ ನರಕ್ಕೆ ಅರಿವಳಿಕೆ ಔಷಧಿ, ಆಪರೇಷನ್‌ಗೆ ಕೊಡುವಂಥದ್ದೇ, ಪ್ರಮಾಣ ಜಾಸ್ತಿ. ಕೆಲವೇ ನಿಮಿಷದಲ್ಲಿ ಉಸಿರು, ಹೃದಯ ನಿಲ್ಲುತ್ತದೆ. ಕಣ್ಣು ತೆರೆದೇ ಇರುತ್ತದೆ. ಆಮೇಲೊಂದು ಸಲ ಎದೆ ಎಳೆದಂತೆ ಆಗಬಹುದು, ಉಚ್ಚೆ ಹೋಗಬಹುದು. ಅದು ನೋವಲ್ಲ. ಮೊದಲೇ ಹೇಳದಿದ್ದರೆ ಮನೆಯವರು ಅದನ್ನೇ ವರ್ಷಗಟ್ಟಲೆ ನೆನೆಸಿಕೊಳ್ಳುತ್ತಾರೆ. ಮಂಪರಿನ ಇಂಜೆಕ್ಷನ್ ಇಲ್ಲದೆ ಮಾಡುತ್ತೇನೆ ಅನ್ನುವವರಿಗೆ ಬೇಡ ಅನ್ನಿ. ಹೂಳುವುದಾದರೆ ನಾಲ್ಕು ಅಡಿ ಆಳ ಬೇಕೇ ಬೇಕು. ಔಷಧಿ ಮೈಯಲ್ಲಿ ಉಳಿದಿರುತ್ತದೆ, ಬೇರೆ ನಾಯಿಯೋ ಹದ್ದೋ ಕೆದಕಿ ತಿನ್ನಬಾರದು.

ದಿನ ಗೊತ್ತಾದರೆ ಹಿಂದಿನ ಸಂಜೆ ಕಾಲ್ ಮಾಡಿ. ಅಪ್ಪನ ಹತ್ತಿರ ಟೈಗರ್ ವಿಷಯ ತೆಗೆಯಬೇಡಿ, ಊಟ ಆಯ್ತಾ ಕೇಳಿ. ಅವರೇ ಶುರುಮಾಡುತ್ತಾರೆ.

*

ಮದ್ದೂರು ತಾಲ್ಲೂಕಿನಿಂದ ಒಬ್ಬರು ತಾಯಿ: ನಮ್ಮ ಕರಿಯ ಹೋಗಿ ಹದಿನೈದು ದಿನ ಆಯ್ತು ಡಾಕ್ಟ್ರಮ್ಮ. ಎರಡು ವರ್ಷ ಕಿಡ್ನಿ ಕಾಯಿಲೆ. ತೆಂಗಿನ ಮರದ ಬುಡದಲ್ಲಿ ಮಣ್ಣು ಮಾಡಿ ಕಲ್ಲು ಇಟ್ಟೆ. ಊರೆಲ್ಲ ನಗುತ್ತೆ, ನಾಯಿಗೆ ಸಮಾಧಿಯಂತೆ ಅಂತ. ನಿಮಗೆ ಬರೆದದ್ದು ಅದಕ್ಕಲ್ಲ. ಮಾತ್ರೆ, ನಾಲ್ಕು ಬಾಟಲಿ ಡ್ರಿಪ್ ಉಳಿದಿದೆ. ಎಸೆಯಲು ಮನಸ್ಸು ಬರುತ್ತಿಲ್ಲ.

ಅಮ್ಮ, ನಗುವವರಿಗೆ ಒಂದು ದಿನ ಆತಕೂರಿನ ಕಲ್ಲಿನ ಕತೆ ಹೇಳಿ. ನಿಮ್ಮ ತಾಲ್ಲೂಕೇ. ಸಾವಿರ ವರ್ಷದ ಹಿಂದೆ, ಕ್ರಿ.ಶ. 949–950ರ ಹೊತ್ತಿನಲ್ಲಿ, ಮಣಲೆರ ಅನ್ನುವ ವೀರ ತನ್ನ ಒಡೆಯ ಗಂಗರ ಬೂತುಗನಿಂದ ಯುದ್ಧದ ಬಹುಮಾನವಾಗಿ ಕಾಳಿ ಅನ್ನುವ ನಾಯಿಯನ್ನು ಕೇಳಿ ಪಡೆದ. ಆ ನಾಯಿ ಕಾಡುಹಂದಿಯ ಜೊತೆ ಹೋರಾಡಿ ಎರಡೂ ಸತ್ತವು. ಅದಕ್ಕೆ ಅವನು ಕಲ್ಲು ನಿಲ್ಲಿಸಿ, ಕನ್ನಡದಲ್ಲಿ ಬರೆಸಿದ. ಪೂಜೆ ನಡೆಯಲಿ ಅಂತ ಭೂಮಿಯನ್ನೂ ಬಿಟ್ಟ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ, ಹಂದಿ ಕಚ್ಚಾಡುವ ಚಿತ್ರವೂ ಇದೆ. ನಿಮ್ಮ ಕರಿಯ ಹಂದಿ ಹೊಡೆಯದಿದ್ದರೂ ಎರಡು ವರ್ಷ ಕಿಡ್ನಿಯ ಜೊತೆ ಹೋರಾಡಿದ್ದಾನೆ.

ಒಡೆಯದ ಬಾಟಲಿ, ಕತ್ತರಿಸದ ಮಾತ್ರೆ ಪಟ್ಟಿ ಇದ್ದರೆ, ಅವಧಿ ಮುಗಿದಿಲ್ಲ ಅಂತ ನೋಡಿಕೊಂಡು ನಿಮ್ಮ ಡಾಕ್ಟ್ರಿಗೆ ಕೊಡಿ. ಬಿಲ್ ಇದ್ದರೆ ಜೊತೆಗಿರಲಿ. ಕೊಳ್ಳಲಾಗದೆ ವಾಪಸ್ ಹೋಗುವವರು ವಾರಕ್ಕೊಬ್ಬರಾದರೂ ಇರುತ್ತಾರೆ. ಅರ್ಧ ಬಳಸಿದ ಬಾಟಲಿ ಮಾತ್ರ ಚೆಲ್ಲಿಬಿಡಿ, ಸೂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ ಆಸ್ಪತ್ರೆಗೇ ಕೊಡಿ. ಅವನ ಹಾಸಿಗೆ ತೊಳೆದಿಟ್ಟಿದ್ದೀರಾ? ಅದನ್ನೂ ಕೇಳುವವರಿದ್ದಾರೆ. ಮೇಲೆ ಪುತ್ತೂರಿನವರ ಪತ್ರ ಓದಿದಿರಲ್ಲ.

*

*ಪತ್ರ ಬರೆಯುವಾಗ ನಾಯಿಯ ವಯಸ್ಸಿನ ಜೊತೆ ತೂಕವನ್ನೂ ಬರೆಯಿರಿ. ನಡೆಯುತ್ತಿರುವ ಮಾತ್ರೆಗಳ ಹೆಸರನ್ನು ಪಟ್ಟಿ ನೋಡಿಯೇ ಬರೆಯಿರಿ. “ಬಿಳಿ ಗುಂಡು ಮಾತ್ರೆ” ಅಂದರೆ ನನಗೆ ಗೊತ್ತಾಗುವುದಿಲ್ಲ.*